ಡಿಸ್ಕ್ ಡಬ್ಬಿಗೆ ಹಚ್ಚಿದ ಪಾಳಿ

ಆ ಮಧ್ಯಾಹ್ನ ಮುಧೋಳದ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ನಾವು ನಾಲ್ವರಿದ್ದೆವು: ಕಂಪ್ಯೂಟರ್ ನೋಡಿಕೊಳ್ಳುವ ನಾನು, ತೂಕದ ಕಾಟಾದ ಸೂಪರ್‌ವೈಜರ್, ಲ್ಯಾಬಿನ ಕೆಮಿಸ್ಟ್ ಸಾಹೇಬರು, ಮತ್ತೆ ಕಬ್ಬಿನ ವಿಭಾಗದ ಮುಖ್ಯಸ್ಥರು. ಈ ಕೊನೆಯವರು ಸಾವಳಗಿ ಕಡೆಯವರು, ಇಡೀ ಕಾರ್ಖಾನೆಗೆ ಕಾಕಾ. ಮೂಲೆಯಲ್ಲಿ ಡಿಸ್ಕ್ ಡಬ್ಬಿ ಗುಂಯ್ ಎನ್ನುತ್ತಿತ್ತು. ಮೂರು ವಿಭಾಗಕ್ಕೆ ಮೂರು ಸರ್ವರ್. ಮೂರರ ಬ್ಯಾಕಪ್, ಅಂದರೆ ದಿನದಿನದ ನಕಲು, ಅದೊಂದೇ ಡಬ್ಬಿಗೆ ಹೋಗಬೇಕು.

ಕಾಕಾ ಪರದೆಯ ಮೇಲೆ ಬೆರಳಿಟ್ಟರು. "ತಮ್ಮಾ, ಇವರಿಬ್ಬರ ಸಾಲು ಹಸರ ಐತಿ. ನಂದ್ಯಾಕ ಕೆಂಪ?"

ಯಾವ ರೈತ ಯಾವತ್ತು ಕಬ್ಬು ಹಚ್ಚಿದ, ಯಾರದನ್ನು ಯಾರ ನಂತರ ಕಡಿಯಬೇಕು ಎಂಬ ಪಾಳಿಪಟ್ಟಿಯೇ ಕಾಕಾರ ಜೀವ. ಅದನ್ನು ಅವರು ಬಹಳ ವರ್ಷ ವಹಿಯಲ್ಲಿ ಬರೆದಿದ್ದರು. "ವಹಿ ಯಾಕ್ರೀ ಇನ್ನ? ಡಬ್ಬಿಯೊಳಗ ಭದ್ರ ಇರತೈತಿ" ಎಂದು ಅದನ್ನು ಬಿಡಿಸಿದವನು ನಾನೇ. ಪಟ್ಟಿ ಹೋದರೆ ಜೋರಿದ್ದವನ ಕಬ್ಬು ಮೊದಲು ಗಾಡಿ ಏರುತ್ತದೆ. ಅಂಥ ಪಟ್ಟಿಯ ನಕಲು ಹದಿನೈದು ದಿನದಿಂದ ಒಮ್ಮೆಯೂ ಪೂರ್ತಿ ಆಗಿರಲಿಲ್ಲ.

"ಖರೆ ಹೇಳತೀನ್ರಿ," ಎಂದೆ. "ಮೂರೂ ಮಂದಿ ಊಟಕ್ಕ ಹೋಗೂ ಮುಂದ ಒಂದ ಗಂಟೆಕ್ಕ ನಕಲಿನ ಗುಂಡಿ ಒತ್ತತೀರಿ. ಡಬ್ಬಿ ಮೂರೂ ಕಡಿ ಓಡ್ಯಾಡಿ ಸುಸ್ತಾಗತೈತಿ. ಸಣ್ಣಾವು ಹ್ಯಾಂಗೋ ಮುಗೀತಾವು. ನಿಮ್ಮದು ದೊಡ್ಡದು. ಮೂರಕ್ಕ ನಿಮ್ಮ ಸರ್ವರಿನ್ಯಾಗ ಕಬ್ಬ ಕಡಿಯೂ ಚೀಟಿ ತೆಗಿಯೂದು ಸುರು ಆದಕೂಡ್ಲೇ ನಕಲು ಅರ್ಧಕ್ಕ ನಿಲ್ಲತೈತಿ."

ಕಾಕಾ ಸಿಟ್ಟಾಗಲಿಲ್ಲ, ನಕ್ಕುಬಿಟ್ಟರು. ಅವರ ಹೊಲ ಇದ್ದದ್ದು ಕಾಲುವೆಯ ತುದಿಗೆ. "ಎಲ್ಲಾ ಗೇಟ ಒಮ್ಮೆಲೆ ಎತ್ತಿದರ ತುದಿಯವ್ನ ಹೊಲದಾಗ ಕಪ್ಪಿ ಸುದ್ದಾ ತೊಯ್ಯೂದಿಲ್ಲ. ಪಾಳಿ ಹಚ್ಚಲೇ!"

ಹಲಗೆಯ ಮೇಲೆ ಬರೆದೆವು: ಕಾಟಾ ಹನ್ನೆರಡಕ್ಕೆ, ಲ್ಯಾಬ್ ಒಂದಕ್ಕೆ, ಕಬ್ಬು ಎರಡಕ್ಕೆ. ಒಂದೊಂದೇ ಹೋದರೆ ಯಾವುದಕ್ಕೂ ಪೂರಾ ತಾಸು ಬೇಡ.

ಮೊದಲ ದಿನವೇ ಕೆಮಿಸ್ಟ್ ಸಾಹೇಬರು ಒಂದಕ್ಕೆ ಊಟಕ್ಕೆ ಹೋದವರು, ಬಾಯಿ ಒರೆಸಿಕೊಳ್ಳುತ್ತ ಬಂದು ಎರಡಕ್ಕೆ ಗುಂಡಿ ಒತ್ತಿದರು. ಕಾಕಾರ ಸಾಲು ಮತ್ತೆ ಕೆಂಪು.

ಮರುದಿನ ಒಂದಕ್ಕೆ ಸರಿಯಾಗಿ ಕಾಕಾ ರೊಟ್ಟಿ ಗಂಟು ಹಿಡಿದು ಲ್ಯಾಬಿನಲ್ಲಿ ಕುಳಿತಿದ್ದರು. ಎಣ್ಣೆಗಾಯಿಯ ವಾಸನೆ ನನ್ನ ಕೋಣೆಯವರೆಗೂ ಬಂತು.

"ಸಾಹೇಬ್ರ, ಇವತ್ತ ನಿಮ್ಮ ಊಟ ಇಲ್ಲೇರಿ."

"ಹೌದೇನ್ರಿ ಕಾಕಾ? ಬಿಚ್ಚರಿ ಮತ್ತ!"

"ಮೊದಲ ಗುಂಡಿ ಒತ್ತರಿ. ಆಮ್ಯಾಲ ಗಂಟ ಬಿಚ್ಚತೀನಿ."

ಅಂದು ಮೂರೂ ಸಾಲು ಹಸಿರಾದವು. ಕಾಟಾದವನಿಗೆ ಹೊಟ್ಟೆಕಿಚ್ಚು. "ನಾ ದಿನಾ ಹೊತ್ತಿಗೆ ಸರಿಯಾಗಿ ಒತ್ತತೀನಿ. ನನಗ ರೊಟ್ಟಿ ಇಲ್ಲೇನ್ರಿ ಕಾಕಾ?"

"ನೀ ಹುಚ್ಚ ಅದೀಯಲೇ. ಎರಡ ದಿನ ಪಾಳಿ ತಪ್ಪಿಸು, ಹೋಳಿಗಿ ಮಾಡಿಸಿಕೊಂಡ ಬರತೀನಿ."

ಒಂದು ತಿಂಗಳು ಹೀಗೇ ನಡೆಯಿತು. ಕೆಮಿಸ್ಟ್ ಸಾಹೇಬರ ಹೊಟ್ಟೆ ಸ್ವಲ್ಪ ಮುಂದೆ ಬಂತು.

ಆಮೇಲೆ ಒಂದು ಬೆಳಿಗ್ಗೆ ಬಂದು ನೋಡಿದರೆ ಕಬ್ಬಿನ ಸರ್ವರ್ ಸತ್ತು ಮಲಗಿತ್ತು. ಸುದ್ದಿ ನನಗಿಂತ ಮೊದಲು ಗೇಟು ದಾಟಿತ್ತು. ಕಾಕಾರ ಸ್ವಂತ ಅಣ್ಣ ಟ್ರ್ಯಾಕ್ಟರ್ ತೊಗೊಂಡೇ ಬಂದಿದ್ದರು.

"ಪಟ್ಟಿ ಹೋತಂತಲ್ಲೋ! ಹಂಗಾರ ನಂದ ಇವತ್ತ ಕಡಿಸಲೇನ?"

ಕಾಕಾ ನನ್ನ ಮುಖ ನೋಡಿದರು. ನಾನು ಡಬ್ಬಿಯಿಂದ ಹಿಂದಿನ ದಿನದ ನಕಲು ತೆಗೆದು ಬೇರೆ ಯಂತ್ರಕ್ಕೆ ಹಾಕತೊಡಗಿದೆ. ಊಟದ ಹೊತ್ತಿಗೆ ಪಟ್ಟಿ ಪರದೆಯ ಮೇಲೆ ಮೂಡಿತು. ಕಾಕಾ ಮೊದಲು ಹುಡುಕಿಸಿದ್ದು ಅಣ್ಣನ ಹೆಸರನ್ನೇ. ಅದು ಎಲ್ಲಿತ್ತೋ ಅಲ್ಲೇ ಇತ್ತು, ಬಹಳ ಕೆಳಗೆ.

ಅಣ್ಣ ಡಬ್ಬಿಯನ್ನೂ ನನ್ನನ್ನೂ ಒಮ್ಮೆ ದಿಟ್ಟಿಸಿದರು. "ಈ ಡಬ್ಬಿನೂ ಒಂದ ದಿನ ಕೆಟ್ಟಿದ್ರ ಇದರ ಗಂಟ ಏನ ಹೋಗತಿತ್ತೋ!" ಎಂದು ಖಾಲಿ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದರು.

ಹೋಳಿಹುಣ್ಣಿಮೆ ಕಳೆದ ಮೇಲೆ ಅಣ್ಣನ ಕಬ್ಬಿನ ಪಾಳಿ ಬಂತು. ಅವತ್ತು ಕಾಕಾ ರಜೆ ಹಾಕಿ, ಅಣ್ಣನ ಹೊಲಕ್ಕೆ ಹೋಗಿ, ಕೂಲಿಯವರ ಜೊತೆ ಸಂಜೆಯವರೆಗೆ ಕಬ್ಬಿನ ಹೊರೆ ಹೊತ್ತರು.