ಮಲ್ಕಾಬಾಯಿಯ ದಾಳಿಂಬೆ ವ್ರತ

ಮೇಲಿನ ಮನೆಯ ಮಲ್ಕಾಬಾಯಿಯವರಿಗೆ "ಬೇಡ" ಎನ್ನಲು ಬಾರದು ಎಂದು ಯಾರಾದರೂ ಹೇಳಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಮೂರು ವರ್ಷಗಳಿಂದ ಅವರ ಬಾಯಲ್ಲಿ ನಾನು ಕೇಳಿದ್ದೇ ಅದೊಂದು ಶಬ್ದ. ಬಿ.ಪಿ. ಮಾತ್ರೆ ಬೇಡ, ವಾಕಿಂಗ್ ಬೇಡ, ಊರುಗೋಲು ಬೇಡ, ಉಪ್ಪು ಕಡಿಮೆ ಹಾಕಿದ ಸಾರಂತೂ ಬೇಡವೇ ಬೇಡ. ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ನರ್ಸ್ ಆಗಿ ದಿನಕ್ಕೆ ನಲವತ್ತು ಮಕ್ಕಳ ಹಟ ನೋಡುವವಳು ನಾನು. ಆ ನಲವತ್ತನ್ನೂ ಸೇರಿಸಿ ತೂಗಿದರೂ ಈ ಎಪ್ಪತ್ತೆಂಟರ ಮುದುಕಿಯ ಮುಂದೆ ಏನೂ ಅಲ್ಲ.

ನಾವಿರುವುದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಪಾಲು ಮಾಡಿ ಬಾಡಿಗೆಗೆ ಕೊಟ್ಟ ಒಂದು ವಿಲ್ಲಾದಲ್ಲಿ. ಕೆಳಗೆ ನಾನು ತೆರೆಸಾ, ನನ್ನ ಗಂಡ ಪಾಯ್ಸ್, ಮಗಳು ಜೋಯ್ಲಿನ್. ಮೇಲೆ ಮಲ್ಕಾಬಾಯಿ ಪೆಣಕರ್ ಮತ್ತು ಅವರ ಮಗ ಸ್ಯಾಮ್ಸನ್. ಬಾಯಿಯವರು ಹುಟ್ಟಿದ್ದು ಅಲಿಬಾಗಿನ ಹತ್ತಿರದ ರೇವದಂಡದಲ್ಲಿ. ಅಜ್ಜನ ಕಾಲಕ್ಕೆ ಎಣ್ಣೆ ಗಾಣದ ಮನೆ, ಶನಿವಾರ ಮಾತ್ರ ಎತ್ತಿನ ಕುತ್ತಿಗೆಗೆ ನೊಗ ಇಡದ ಜನ. ಬೆನೆ ಇಸ್ರೇಲ್ ಎನ್ನುತ್ತಾರೆ, ಕೊಂಕಣದ ಯಹೂದಿಗಳು. ಈ ಊರಲ್ಲಿ ಅದನ್ನು ಅವರು ಗೇಟಿನ ಹೊರಗೆ ಆಡುವುದಿಲ್ಲ, ನಾವೂ ಆಡುವುದಿಲ್ಲ. ಮುಂಬೈ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರಿಗೆ ಈಗಲೂ ಎದುರಿನವರ ಮಾತನ್ನು ಅರ್ಧಕ್ಕೆ ಕತ್ತರಿಸುವ ಚಾಳಿ. ಅವರ ಮರಾಠಿಗೂ ನಮ್ಮ ಮಂಗಳೂರು ಕೊಂಕಣಿಗೂ ಹೇಗೋ ಹೊಂದಾಣಿಕೆಯಾಗಿ, ಜಗಳವಾಡಲು ನಮಗೆ ಯಾವತ್ತೂ ಭಾಷೆ ಕಡಿಮೆ ಬೀಳಲಿಲ್ಲ.

2010ರ ಸೆಪ್ಟೆಂಬರಿನಲ್ಲಿ ದೇವರು ಎಲ್ಲರ ಹಬ್ಬವನ್ನೂ ಒಂದೇ ವಾರಕ್ಕೆ ತುರುಕಿದ್ದ. ರಂಜಾನ್ ಮುಗಿಯುತ್ತ ಬಂದಿತ್ತು. ಎಂಟಕ್ಕೆ ನಮ್ಮ ಮೊಂತಿ ಹಬ್ಬ, ಮರಿಯಮ್ಮನವರ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಊಟ. ಅದೇ ಸಂಜೆ ಮಲ್ಕಾಬಾಯಿಯವರ ಹೊಸ ವರ್ಷ ಶುರು.

ಅವರ ಹೊಸ ವರ್ಷವೆಂದರೆ ತಟ್ಟೆ ತುಂಬ ಕಟ್ಟಳೆ. ವರ್ಷ ಸಿಹಿಯಾಗಲಿ ಎಂದು ಸೇಬನ್ನು ಜೇನಿನಲ್ಲಿ ಅದ್ದಬೇಕು. ಖರ್ಜೂರ, ಅಲಸಂದೆ, ಸೋರೆಕಾಯಿ, ಬೀಟ್‌ರೂಟ್ ಸೊಪ್ಪು ಬೇಕು, ಒಂದೊಂದಕ್ಕೂ ಒಂದೊಂದು ಪ್ರಾರ್ಥನೆ. ಮೀನಿನ ತಲೆ ಬೇಕೇ ಬೇಕು, ಬರುವ ವರ್ಷ ಬಾಲವಾಗದೆ ತಲೆಯಾಗಿ ಇರಬೇಕಲ್ಲ. ಹುಳಿ ಮಾತ್ರ ಒಂದು ಹನಿಯೂ ಬೀಳಬಾರದು. ಹುಣಸೆ ಇಲ್ಲದ ಮೀನು ಸಾರು! ಕೇಳಿಯೇ ನನ್ನ ನಾಲಗೆ ಸಪ್ಪೆಯಾಯಿತು. ಕಡೆಗೆ ಒಂದು ಹೊಸ ಹಣ್ಣು. ವರ್ಷವಿಡೀ ಬಾಯಿಗಿಡದ ಹಣ್ಣನ್ನು ಎದುರಿಗಿಟ್ಟುಕೊಂಡು, ನನ್ನನ್ನು ಬದುಕಿಸಿ ಈ ದಿನದ ತನಕ ತಲುಪಿಸಿದ ದೇವರೇ ನಿನಗೆ ಸ್ತೋತ್ರ ಎಂದು ಹೇಳಿ ತಿನ್ನಬೇಕು.

ಸೋಮವಾರ ಸಂಜೆ ಬಿ.ಪಿ. ನೋಡಲು ಮೇಲೆ ಹೋದಾಗ ಬಾಯಿಯವರು ಅಲಸಂದೆ ಆರಿಸುತ್ತ ಕೂತಿದ್ದರು.

"ಹೊಸ ಹಣ್ಣು ಯಾವುದು ಬಾಯಿ ಈ ಸಲ?" ಎಂದೆ.

"ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ನಿನ್ನ ಪಟ್ಟಿ ಬಿಗಿ ಆಗ್ತಿದೆ, ಬಿಚ್ಚು."

ಬಿ.ಪಿ. ನೂರ ಎಂಬತ್ತು. ಬೈಯೋಣವೆಂದರೆ ಮುಖ ನೋಡಿ ಮನಸ್ಸಾಗಲಿಲ್ಲ. ಮೆಟ್ಟಿಲ ತನಕ ಬಂದ ಸ್ಯಾಮ್ಸನ್ ತಗ್ಗಿದ ದನಿಯಲ್ಲಿ ವಿಷಯ ಹೇಳಿದ. ಹಿಂದಿನ ವರ್ಷ ಹಬ್ಬದ ದಿನ ತಾಯಿ ಹೃದಯದ ಆಪರೇಷನ್ ಆಗಿ ಐಸಿಯುನಲ್ಲಿದ್ದರು. ಬಾಯಿಗೆ ಪೈಪು, ಆ ಪ್ರಾರ್ಥನೆ ಹೇಳಲಾಗಲಿಲ್ಲ. ಬದುಕಿ ಬಂದರೆ ಮುಂದಿನ ವರ್ಷ ದಾಳಿಂಬೆ ಇಟ್ಟು ಹೇಳುತ್ತೇನೆ ಎಂದು ಅಲ್ಲೇ ಹರಕೆ ಹೊತ್ತಿದ್ದರಂತೆ. ಅವತ್ತಿನಿಂದ ದಾಳಿಂಬೆಯ ಒಂದು ಕಾಳನ್ನೂ ಮುಟ್ಟಿರಲಿಲ್ಲ.

"ಜೂನ್‌ನಲ್ಲಿ ಎಲ್ಲೋ ತಿಂದುಬಿಟ್ಳು ಸಿಸ್ಟರ್. ಎಲ್ಲಿ ಅಂತ ಹೇಳೋದಿಲ್ಲ. ಈಗ ನೋಡಿದ್ರೆ, ಈ ವರ್ಷವೂ ಹೇಳೋಕಾಗ್ಲಿಲ್ಲ, ಇನ್ನೊಂದು ವರ್ಷ ನಾನಿರ್ತೀನೋ ಇಲ್ವೋ ಅಂತ ಕೂತಿದ್ದಾಳೆ. ನಿನ್ನೆಯಿಂದ ಸರಿಯಾಗಿ ಊಟವೂ ಇಲ್ಲ."

ಜೂನ್! ಸಾಯ್ಬಾ ಭೊಗೊಸ್, ದೇವರು ಕ್ಷಮಿಸಲಿ! ಎಲ್ಲಿ ತಿಂದರು ಎಂದು ನನಗೆ ಗೊತ್ತಿತ್ತು. ತಿನ್ನಿಸಿದವಳು ನಾನೇ.

ಪಾಯ್ಸನ ಕಥೆ ಇಲ್ಲಿ ಹೇಳಲೇಬೇಕು. ಹೋಟೆಲಿನ ಅಡುಗೆಮನೆಯಲ್ಲಿ ಹಣ್ಣು ಕೆತ್ತುವ ಕೆಲಸ ಅವನದು. ಕಲ್ಲಂಗಡಿಯಲ್ಲಿ ಹಂಸ ಮಾಡುತ್ತಾನೆ, ಮನೆಯ ನಲ್ಲಿಯ ವಾಶರ್ ಹಾಕಲು ಬರುವುದಿಲ್ಲ. ಸಾಲದಲ್ಲಿ ಸಿಕ್ಕಿ ದುಬೈ ಮುಗ್ಗರಿಸಿದಾಗ ಅಲ್ಲಿದ್ದ ಅವನ ಕೆಲಸವೂ ಹೋಗಿ ಏಳು ತಿಂಗಳು ಮನೆಯಲ್ಲಿ ಕೂತ. ಜೂನ್‌ನಲ್ಲಿ ಅಬುಧಾಬಿಯಲ್ಲೇ ಹೊಸ ಕೆಲಸ ಸಿಕ್ಕಿ ಪಾಸ್‌ಪೋರ್ಟಿಗೆ ವೀಸಾ ಅಂಟಿದ ದಿನ ಸಂತೋಷ ತಡೆಯಲಾರದೆ ಇಡೀ ವಿಲ್ಲಾಕ್ಕೆ ಗಡ್‌ಬಡ್ ಮಾಡಿದ. ಮಂಗಳೂರಿನ ಐಸ್‌ಕ್ರೀಮ್ ಅಂಗಡಿಗಳಲ್ಲಿ ಉದ್ದ ಗ್ಲಾಸಿನಲ್ಲಿ ಕೊಡುತ್ತಾರಲ್ಲ, ಅದೇ. ಹನ್ನೊಂದು ಬಗೆಯ ಹಣ್ಣು. ಅಂಜೂರ, ಸೀತಾಫಲ, ಚಿಕ್ಕು, ಮಾವು, ಹೆಸರು ಗೊತ್ತಿದ್ದದ್ದನ್ನೆಲ್ಲ ಹಾಕಿ ಮೇಲೆ ದಾಳಿಂಬೆ ಸುರಿದಿದ್ದ. ಒಂದೇ ಗ್ಲಾಸಿನಲ್ಲಿ ಆ ಮುದುಕಿಯ ವರ್ಷದ ಅಷ್ಟೂ ಹೊಸ ಹಣ್ಣುಗಳು ಹಳತಾಗಿ ಹೋದವು. ಗ್ಲಾಸು ಹಿಡಿದು ಮೇಲೆ ಹೋಗಿ, ಅವರು ತಿಂದು ಮುಗಿಸುವ ತನಕ ಬಾಗಿಲಲ್ಲಿ ನಿಂತವಳು ನಾನು.

"ನಿಮ್ಮದು ಊರಿಗೆ ಉಪಕಾರ, ಮನೆಗೆ ಮಾರಿ! ನಮ್ಮ ಮೂವರಿಗೆ ಮಾಡಿದ್ರೆ ಸಾಕಿತ್ತಲ್ಲ?" ಎಂದು ಆ ಸೋಮವಾರ ಕೆಳಗೆ ಬಂದು ಕೂಗಾಡಿದೆ.

"ಇದಕ್ಕೆಲ್ಲ ಇಷ್ಟು ಬೊಬ್ಬೆ ಎಂತಕ್ಕೆ ಮಾರಾಯ್ತಿ? ದಾಳಿಂಬೆ ಹೋದ್ರೆ ಇನ್ನೊಂದು ಹಣ್ಣು. ಈ ದೇಶದಲ್ಲಿ ಹಣ್ಣಿಗೆ ಬರಗಾಲವಾ?" ಎಂದ ಪಾಯ್ಸ್.

ಬರಗಾಲ ಇರಲಿಲ್ಲ, ಅದೇ ತೊಂದರೆ. ಮಂಗಳವಾರ ಅವನು ಹೋಟೆಲಿನಿಂದ ಕಿವಿ, ಪೇರ್, ಪಪ್ಪಾಯಿ ಹೊತ್ತು ತಂದ. ಎಲ್ಲವೂ ತಿಂದಾಗಿತ್ತು. ಬುಧವಾರ ಮೊಂತಿ ಹಬ್ಬ. ಚರ್ಚಿನಿಂದ ತಂದ ಹೊಸ ತೆನೆ ದೇವರ ಪೀಠದ ಮುಂದಿದೆ, ಒಲೆಯ ಮೇಲೆ ಏಳು ತರಕಾರಿ ಬೇಯುತ್ತಿವೆ. ಹತ್ತು ಗಂಟೆಗೆ ಈ ಮನುಷ್ಯ ಕಾರಿನ ಕೀ ಹಿಡಿದು, "ಯಲ್ಲಾ, ಹೊರಡು, ದುಬೈಯ ರಾಸ್ ಅಲ್ ಖೋರ್‌ಗೆ ಹೋಗಿ ಬರುವ. ಹೋಲ್‌ಸೇಲ್ ಮಾರ್ಕೆಟ್ಟಲ್ಲಿ ಸಿಗದ ಹಣ್ಣು ಇಲ್ಲ" ಎಂದ.

"ಹಬ್ಬದ ಊಟ?"

"ಜೋಯ್ಲಿನ್ ನೋಡ್ತಾಳೆ."

"ವೈ ಮಿ?" ಎಂದಳು ಜೋಯ್ಲಿನ್ ಮೊಬೈಲಿನಿಂದ ತಲೆ ಎತ್ತದೆ.

ಹೋಗದೆ ವಿಧಿಯಿರಲಿಲ್ಲ, ತಪ್ಪು ನನ್ನದು. ಹೊರಡುವ ಮೊದಲು ಕಾರಿನ ಗಾಜು ಒರೆಸಲು ಹತ್ತು ನಿಮಿಷ ಬೇಕಾಯಿತು. ಪಕ್ಕದ ಅರಬಿಯ ಮನೆಯ ಕಾಡು ಬಾದಾಮಿ ಮರ ಗೋಡೆಯಿಂದ ಈಚೆಗೆ ಬಾಗಿ, ತಿಂಗಳಿಂದ ನಮ್ಮ ಕಾರಿನ ಮೇಲೆ ಹಣ್ಣು ಉದುರಿಸಿ ಕಲೆ ಮಾಡಿಡುತ್ತಿತ್ತು. ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಆಮೇಲೆ ಒಂದೂವರೆ ಗಂಟೆಯ ದಾರಿ, ನಲವತ್ತರ ಬಿಸಿಲು, ಸೋತ ಎ.ಸಿ. ಉಪವಾಸದ ತಿಂಗಳಾದ್ದರಿಂದ ಹೊರಗೆ ಒಂದು ಗುಟುಕು ನೀರು ಕುಡಿಯುವಂತಿಲ್ಲ.

ಮಾರ್ಕೆಟ್ಟಿನಲ್ಲಿ ಈದ್‌ನ ಜಾತ್ರೆ. ಭಟ್ಕಳದ ಮೊಹಿಯುದ್ದೀನ್ ಸಾಹೇಬರ ಮಳಿಗೆಗೆ ಹೋದೆವು. ಪಾಯ್ಸನ ಹಳೆಯ ಹೋಟೆಲಿಗೆ ಹಣ್ಣು ಹಾಕುತ್ತಿದ್ದವರು. ಉಪವಾಸದಲ್ಲಿ ತುಟಿ ಒಣಗಿದ್ದರೂ ಎದ್ದು ಬಂದರು. ಪಾಯ್ಸ್ ಮಲ್ಕಾಬಾಯಿಯವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ರಂಬೂಟಾನ್?"

"ಫೆಬ್ರವರಿಯಲ್ಲಿ ತಿಂದೆ."

"ಲಿಚಿ?"

"ಸ್ಯಾಮ್ಸನ್‌ ಬರ್ತ್‌ಡೇಗೆ."

"ಪ್ಲಮ್? ಚೆರ್ರಿ? ಪೇರಳೆ?"

"ತಿಂದೆ, ತಿಂದೆ, ತಿಂದೆ."

ಮೊಹಿಯುದ್ದೀನ್ ಒಳಗಿನಿಂದ ಮುಳ್ಳುಮುಳ್ಳಾದ ಗುಲಾಬಿ ಬಣ್ಣದ ಹಣ್ಣೊಂದನ್ನು ತಂದರು. "ಡ್ರ್ಯಾಗನ್ ಫ್ರೂಟ್ ಅಮ್ಮ. ವಿಯೆಟ್ನಾಮಿಂದು. ಇದು ತಿಂದಿರ್ಲಿಕ್ಕಿಲ್ಲ ನೀವು."

"ಇಲ್ಲ, ತಿಂದಿಲ್ಲ" ಎಂದಿತು ಫೋನು. ನಾನು ಶಿಲುಬೆಯ ಗುರುತು ಮಾಡಿಕೊಂಡೆ. "ಆದ್ರೆ ಅದಕ್ಕೆ ಕಾದೂ ಇಲ್ಲ. ಬೇಡ."

ನನ್ನ ತಾಳ್ಮೆ ಅಲ್ಲಿಗೆ ಖಲಾಸ್. "ಬಾಯಿ, ತಿನ್ನದ ಹಣ್ಣು ಬೇಕು ಅಂದ್ರಿ, ಇದು ತಿನ್ನದ ಹಣ್ಣು! ಇನ್ನೆಂತ ಬೇಕು ನಿಮಗೆ?"

"ಕೂಗ್ಬೇಡ, ಲೈನ್ ಚೆನ್ನಾಗಿದೆ. ಈ ಊರಲ್ಲಿ ಯಾವ ಹಣ್ಣಿಗೆ ಸೀಸನ್ ಇದೆ ಹೇಳು? ಎಲ್ಲಾ ತಿಂಗಳೂ ಎಲ್ಲಾ ಇರುತ್ತೆ. ಅದಕ್ಕೇ ಬಾಯಿ ಕಟ್ಟಿ ನಾನೇ ಸೀಸನ್ ಮಾಡ್ಕೊಂಡಿದ್ದೆ. ಕಾಯದೆ ಸಿಕ್ಕಿದ್ದನ್ನ ಮುಂದಿಟ್ಟು ಈ ದಿನದ ತನಕ ತಲುಪಿಸಿದೆ ಅಂತ ಹ್ಯಾಗೆ ಹೇಳ್ಲಿ? ದೇವರೇನು ದಡ್ಡನಾ?"

"ಅಮ್ಮ ಹೇಳುವುದು ಸರಿ ಉಂಟು. ಸಂಜೆ ಆರೂವರೆಗೆ ಕುಡಿಯುವ ನೀರಿನ ರುಚಿ ನನ್ನ ಹತ್ರ ಕೇಳಿ" ಎಂದು ಮೊಹಿಯುದ್ದೀನ್ ತಲೆಯಾಡಿಸಿದರು. ಪಾಯ್ಸನೂ ಹೌದೌದು ಎಂದ. ಎಲ್ಲರೂ ಸೇರಿ ನನಗೆ ಉಪದೇಶ ಮಾಡಲು ನೂರಮೂವತ್ತು ಕಿಲೋಮೀಟರ್ ಬರಬೇಕಿತ್ತು.

ಬರಿಗೈಯಲ್ಲಿ ತಿರುಗಿದೆವು. ಇಫ್ತಾರಿಗೆ ಮುಂಚೆ ಮನೆ ಸೇರುವ ಜನರ ಕಾರುಗಳ ನಡುವೆ ಸಿಕ್ಕಿ, ಹಾರ್ನ್ ಕೇಳಿ ಕೇಳಿ ತಲೆ ಸಿಡಿದು, ಗೇಟಿನೊಳಗೆ ಬಂದು ಇಳಿದಾಗ ಐದೂ ಮುಕ್ಕಾಲು. ಇನ್ನು ಮುಕ್ಕಾಲು ಗಂಟೆಗೆ ಸೂರ್ಯ ಮುಳುಗಿ ಅವರ ವರ್ಷ ಶುರುವಾಗುತ್ತದೆ. ಕಾಲಿಟ್ಟದ್ದೇ ತಡ, ಆ ಹಾಳು ಬಾದಾಮಿ ಹಣ್ಣಿನ ಮೇಲೆ ಜಾರಿ ಕಾರಿನ ಬಾಗಿಲು ಹಿಡಿದು ನಿಂತೆ.

"ಈ ಮರಕ್ಕೆ ಬೆಂಕಿ ಹಾಕ!" ಎಂದು ತಿರುಗಿ ನೋಡಿದರೆ, ಬೆಳಿಗ್ಗೆಯಿಂದ ಹಸಿದಿದ್ದ ಪಾಯ್ಸ್ ಗೋಡೆಯ ಮೇಲೆ ಬಾಗಿದ ಕೊಂಬೆಯಿಂದ ಒಂದು ಹಣ್ಣು ಕಿತ್ತು, ಅಂಗಿಗೆ ಒರೆಸಿ, ಶಾಲೆಯ ಹುಡುಗನ ಹಾಗೆ ಅದರ ಕೆಂಪು ತಿರುಳನ್ನು ಕರಕರ ಕೆರೆದು ತಿನ್ನುತ್ತಿದ್ದ.

"ಥೂ! ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು ಎಂಥದು? ಅದನ್ನು ಯಾರಾದ್ರೂ..."

ಯಾರಾದರೂ ತಿನ್ನುತ್ತಾರಾ ಎಂದು ಕೇಳಲು ಹೊರಟವಳು ಅಲ್ಲಿಗೇ ನಿಂತೆ. ಇದನ್ನು ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ, ಗಡ್‌ಬಡ್‌ಗೆ ಯಾರೂ ಹಾಕುವುದಿಲ್ಲ. ನಮ್ಮ ಕರಾವಳಿಯಲ್ಲಿ ಶಾಲೆಗೊಂದು ಬಾದಾಮಿ ಮರ ಇರುತ್ತದೆ. ರೇವದಂಡವೂ ಕರಾವಳಿಯೇ ಅಲ್ಲವೇ? ಬಗಲಲ್ಲಿ ಕೂಸು, ಊರೆಲ್ಲ ಹುಡುಕಾಟ!

ಪಾಯ್ಸನಿಂದ ಇನ್ನೂ ನಾಲ್ಕು ಕೀಳಿಸಿ, ತೊಳೆದು, ಚಪ್ಪಲಿ ಬಿಡುವುದನ್ನೂ ಮರೆತು ಮೇಲೆ ಓಡಿದೆ.

ಮಲ್ಕಾಬಾಯಿ ಬಿಳಿ ಸೀರೆ ಉಟ್ಟು ಕೂತಿದ್ದರು. ಮೇಜಿನ ಮೇಲೆ ಸೇಬು, ಜೇನು, ಅಲಸಂದೆ, ಕಣ್ಣು ಬಿಟ್ಟುಕೊಂಡ ಹಮೂರ್ ಮೀನಿನ ತಲೆ ಎಲ್ಲ ಇದ್ದವು. ನಡುವೆ ಒಂದು ತಟ್ಟೆ ಖಾಲಿ. ಅದರಲ್ಲಿ ಆ ನಾಲ್ಕು ಹಣ್ಣು ಇಟ್ಟೆ. ಅವರು ಒಂದನ್ನು ಎತ್ತಿ ಮೂಗಿಗೆ ಹಿಡಿದರು.

"ಬದಾಮ್" ಎಂದರು. "ಶಾಲೆಯ ಹಿಂದೆ ಇತ್ತು. ಲಂಗ ಎಲ್ಲಾ ಕಲೆ ಆಗ್ತಿತ್ತು, ಆಯಿ ಹೊಡೀತಿದ್ದಳು. ಮದುವೆಯಾಗಿ ಮುಂಬೈಗೆ ಬಂದ ಮೇಲೆ ತಿಂದಿಲ್ಲ. ಐವತ್ತೇಳು ವರ್ಷ."

"ಇದಕ್ಕಾದ್ರೂ ಕಾದಿದ್ದಿರಾ?" ನನ್ನ ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ಕಾದಿದ್ದೆ ಅಂತ ಈಗ ಗೊತ್ತಾಯ್ತು."

ಕೆಲಸವಾಯಿತೆಂದು ಸುಮ್ಮನೆ ಇಳಿದು ಬರಬಹುದಿತ್ತು. ಆದರೆ ಎದೆಯಲ್ಲಿ ಮೂರು ದಿನದಿಂದ ಕೂತದ್ದನ್ನು ಕಕ್ಕದೆ ಆಗಲಿಲ್ಲ. "ನಿಮ್ಮ ಹರಕೆ ಮುರಿದದ್ದು ನಾನು ಬಾಯಿ. ಜೂನ್‌ನಲ್ಲಿ ಕೊಟ್ಟೆನಲ್ಲ ಗಡ್‌ಬಡ್, ಅದರಲ್ಲಿ ದಾಳಿಂಬೆ ಇತ್ತು. ಹೇಳ್ಬೇಕಿತ್ತು, ಹೇಳ್ಲಿಲ್ಲ. ನಿಮ್ಮ ಕಣ್ಣಿಗೆ ಸರಿಯಾಗಿ ಕಾಣದೆ..."

"ಕಣ್ಣಿನ ಪೊರೆ ತೆಗೆಸಿ ಎರಡು ವರ್ಷ ಆಯ್ತು" ಎಂದು ನಡುವೆಯೇ ಕತ್ತರಿಸಿದರು. "ಗ್ಲಾಸಿನ ಮೇಲೆ ಕೆಂಪಗೆ ಒಂದು ಹಿಡಿ ಇತ್ತು. ನಾನೇನು ಕುರುಡಿಯಾ?"

ನನಗೆ ಪಿತ್ತ ನೆತ್ತಿಗೇರಿತು. "ಗೊತ್ತಿದ್ದೂ ತಿಂದ್ರಾ? ಮಾತ್ರೆ ಬೇಡ, ಕೋಲು ಬೇಡ, ಡ್ರ್ಯಾಗನ್ ಫ್ರೂಟ್ ಬೇಡ! ಪ್ರಪಂಚಕ್ಕೆಲ್ಲ ಬೇಡ ಹೇಳುವವರು ಆವತ್ತೊಂದು ಬೇಡ ಹೇಳ್ಲಿಕ್ಕೆ ಆಗ್ಲಿಲ್ಲವಾ ನಿಮಗೆ?"

ಅವರು ಹಣ್ಣನ್ನು ತಟ್ಟೆಯಲ್ಲಿ ನೆಟ್ಟಗೆ ಇಟ್ಟರು.

"ನೀನು ಬಾಗಿಲಲ್ಲಿ ನಿಂತಿದ್ದೆ. ಏಳು ತಿಂಗಳಿಂದ ಆ ಮುಖದಲ್ಲಿ ನಗು ಕಂಡಿರ್ಲಿಲ್ಲ ನಾನು. ರಾತ್ರಿ ನೀವಿಬ್ಬರೂ ಮಾತಾಡೋದು ಮೇಲೆ ಕೇಳಿಸ್ತಿತ್ತು, ಸಾಮಾನು ಕಟ್ಟಿ ಊರಿಗೆ ಹೋಗೋಣ ಅಂತ. ಆವತ್ತು ಗ್ಲಾಸು ಹಿಡ್ಕೊಂಡು ನಗ್ತಾ ನಿಂತಿದ್ದೆ. ಐಸ್‌ಕ್ರೀಮ್ ಬೇರೆ ಕರಗ್ತಿತ್ತು." ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ನೋಡದೆ ಹೇಳಿದರು, "ಬದುಕಿಸಿ ಈ ದಿನದ ತನಕ ತಲುಪಿಸಿದೆ ಅಂತ ಆವತ್ತೇ ಮನಸ್ಸಲ್ಲಿ ಹೇಳಿ ತಿಂದೆ. ನಿಮ್ಮ ಮನೆ ಹೆಸರಲ್ಲಿ."

ಮೂರು ವರ್ಷದಲ್ಲಿ ಮೊದಲ ಸಲ ಅವರೆದುರು ಸಣ್ಣ ಮಗುವಿನ ಹಾಗೆ ಗೊಳೋ ಎಂದು ಅತ್ತೆ.

"ತಟ್ಟೆಯ ಹತ್ರ ಅಳ್ಬೇಡ, ಇವತ್ತು ಸಿಹಿ ಇರ್ಬೇಕು" ಎಂದು ಗದರಿದರು. "ಚಪ್ಪಲಿ ಹಾಕ್ಕೊಂಡು ಒಳಗೆ ಬಂದಿದ್ದೀ. ಹೋಗು, ನಿನ್ನ ಹಬ್ಬದ ಊಟ ತಣ್ಣಗಾಗಿರುತ್ತೆ."

ಕೆಳಗೆ ಬಂದರೆ ಏಳು ತರಕಾರಿಯಲ್ಲಿ ಎರಡು ಸೀದುಹೋಗಿದ್ದವು. ಬೈಯಲು ಮನಸ್ಸು ಬರಲಿಲ್ಲ. ಹೊಸ ತೆನೆಯ ಅಕ್ಕಿ ಬೆರೆಸಿದ ಹಾಲನ್ನು ಲೋಟಗಳಿಗೆ ಹಾಕುತ್ತಿದ್ದಾಗ ಹೊರಗೆ ಇಫ್ತಾರಿನ ಬಾಂಗ್ ಕೇಳಿತು. ಸ್ವಲ್ಪ ಹೊತ್ತಿಗೆ ಮೇಲಿಂದ ಆ ಟೆಲಿಫೋನ್ ಎಕ್ಸ್‌ಚೇಂಜಿನ ಗಟ್ಟಿ ಸ್ವರ, ಒಂದೊಂದು ಶಬ್ದವನ್ನೂ ಬಿಡಿಸಿ ಬಿಡಿಸಿ, ಮೆಟ್ಟಿಲಿಳಿದು ಬಂತು. ಜೋಯ್ಲಿನ್‌ಗೆ ಟಿ.ವಿ. ಆರಿಸು ಎಂದೆ.

"ನೋಡಿ," ಎಂದು ಪಾಯ್ಸನಿಗೆ ಹೇಳಿದೆ, "ಇವತ್ತಿನಿಂದ ಬರುವ ಹೊಸ ವರ್ಷದ ತನಕ ಈ ವಿಲ್ಲಾದ ಗೇಟಿನೊಳಗೆ ದಾಳಿಂಬೆ ತಂದ್ರೆ ನಿಮ್ಮ ಕೈ ಮುರೀತೇನೆ."

"ಮತ್ತೆ ಗಡ್‌ಬಡ್ ಮೇಲೆ ಎಂತ ಹಾಕುವುದು?"

"ದ್ರಾಕ್ಷಿ ಹಾಕಿ" ಎಂದು ಅವನಿಗೆ ಸೀದ ಬೆಂಡೆಕಾಯಿ ಬಡಿಸಿದೆ.