ಕರಿ ಕಿವಿ ಒಂದೇ ಕುರಿ

"ನಮ್ಮ ಹಟ್ಟ್ಯಾಗ ಮರಿ ಹುಟ್ಟತಾವು, ಡಿಗ್ರಿ ಹುಟ್ಟಂಗಿಲ್ಲ" ಎಂದವರು ನಮ್ಮ ದೊಡ್ಡಪ್ಪ. ನಾನು ಸಿಂದಗಿಯಲ್ಲಿ ಬಿಸಿಎ ಸೇರಿದ ದಿನ, ನೆಂಟರ ನಡುವೆ ಕೂತು ಹೇಳಿದರು. "ಕುರಿ ಕಾಯೋರ ಮನಿ ಹುಡುಗಿ ಕಂಪ್ಯೂಟರ್ ಕಲಿತು ಕುರಿ ಹಿಂದ ಟಪಟಪ ಒತ್ತಕೋತ ಹೋಗ್ತಾಳೇನು?" ಎಲ್ಲರೂ ನಕ್ಕರು. ನನಗೆ ಈಗಲೂ ನಗು ಬರುವುದಿಲ್ಲ.

ಕೊನೆಯ ವರ್ಷ ಪ್ರಾಜೆಕ್ಟ್ ಒಂದೇ ಬಾಕಿ ಉಳಿದಿತ್ತು. ಅದರಲ್ಲಿ ಬಿದ್ದರೆ ದೊಡ್ಡಪ್ಪನ ಮಾತೇ ನಿಜವಾಗುತ್ತಿತ್ತು. ಉಳಿದವರೆಲ್ಲ ಹಿಂದಿನ ವರ್ಷದವರು ಮಾಡಿದ್ದ, ಲೈಬ್ರರಿ ಪುಸ್ತಕಗಳ ಲೆಕ್ಕ ಇಡುವ ಪ್ರಾಜೆಕ್ಟನ್ನೇ ತಿದ್ದಿ ತಂದರು. ನಾನು ನಮ್ಮ ಹಿಂಡಿನ ವಂಶಾವಳಿ ಮಾಡಿದೆ. ತಾಯಿ ಕುರಿಯೊಳಗೆ ಅದರ ಮರಿಗಳ ಪಟ್ಟಿ, ಆ ಮರಿಯೊಳಗೆ ಮತ್ತೆ ಅದರ ಮರಿಗಳ ಪಟ್ಟಿ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಚೆನ್ನಾಗಿಯೇ ಕೂತಿತು. ಆದರೆ ವೆಬ್ ಪುಟ ಪಿಎಚ್‌ಪಿ ಎಂಬ ಇನ್ನೊಂದು ಭಾಷೆಯಲ್ಲೇ ಇರಬೇಕೆಂದು ಸರ್ ಹಟ ಹಿಡಿದಿದ್ದರು. ಒಂದು ಭಾಷೆಯ ಪಟ್ಟಿ ಇನ್ನೊಂದಕ್ಕೆ ಹಾಗೆಯೇ ದಾಟುವುದಿಲ್ಲ, ಬರಿಯ ಅಕ್ಷರಗಳ ಸಾಲಾಗಿ ಹೋಗಬೇಕು. ನಾನು ಎಲ್ಲ ಹೆಸರನ್ನೂ ನಡುವೆ ಖಾಲಿ ಜಾಗ ಬಿಟ್ಟು ಪೋಣಿಸಿದೆ. ಆ ಕಡೆ ಪಿಎಚ್‌ಪಿ, ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸುವಂತೆ ಬರೆದೆ.

ನಮ್ಮಲ್ಲಿ ಕುರಿಗೆ ನಂಬರಿಲ್ಲ. ಮೈಮೇಲಿನ ಗುರುತೇ ಹೆಸರು: ಕರಿ ಕಿವಿ, ಬಿಳಿ ಹಣಿ, ತುಂಡು ಬಾಲ. ಕ್ಲಾಸಿನ ಮುಂದೆ ತೋರಿಸಿದಾಗ, ಪರದೆಯ ಮೇಲೆ, 'ಕರಿ' ಒಂದು ಕುರಿಯಾಯಿತು, 'ಕಿವಿ' ಇನ್ನೊಂದಾಯಿತು. ಯಾವುದು ಯಾವುದರ ಮರಿ ಎಂಬುದಂತೂ ಅಳಿಸಿಯೇ ಹೋಗಿತ್ತು.

ಹಿಂದಿನ ಬೆಂಚಿನಿಂದ ಇಂಡಿ ಊರಿನ ಹುಡುಗನೊಬ್ಬ, "ಹಿಂಡು ಒಂದ ದಿನಕ್ಕ ಡಬಲ್ ಆತಲ್ಲ. ಮನಿಗೆ ಫೋನ್ ಹಚ್ಚು, ಖುಷಿ ಆಗ್ತಾರ" ಎಂದ.

ಸರ್ ನಗು ನುಂಗಿಕೊಂಡು, "ಈ ಕುರಿ ಹೆಸರೆಲ್ಲಾ ತಗದು ನಂಬರ್ ಹಾಕವಾ. ಇಲ್ಲಾಂದ್ರ ನೀನೂ ಲೈಬ್ರರಿ ಮಾಡು" ಎಂದರು.

"ನಂಬರ್ ಹಾಕಂಗಿಲ್ರಿ ಸರ್."

"ಹಂಗಾರ ನೀನ ನೋಡ್ಕೊ."

ನೋಡಿಕೊಂಡೆ. ಮೇಯಿಸಲು ಹೊರಡುವಾಗ ನಮ್ಮವರು ಎಳೆ ಮರಿಗಳನ್ನು ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿ ಹೋಗುತ್ತಾರೆ. ನನ್ನ ಹೆಸರುಗಳಿಗೂ ಅಂಥ ಬುಟ್ಟಿ ಬೇಕಿತ್ತು. ಪ್ರತಿ ಹೆಸರಿನ ಎರಡು ಕಡೆ ಉದ್ಧರಣ ಚಿಹ್ನೆ ಹಾಕಿದೆ, ಪ್ರತಿ ತಾಯಿಯ ಮರಿಗಳನ್ನು ಕಂಸದೊಳಗೆ ಕೂಡಿಹಾಕಿದೆ. ಎಲ್ಲವೂ ಒಂದೇ ಸಾಲು, ಆದರೂ ಒಳಗಿನ ಗಡಿ ಅಳಿಯಲಿಲ್ಲ. ವಾರಗಟ್ಟಲೆ ಕೂತು ಇದನ್ನು ಮುಗಿಸಿದ ಮೇಲೆ ತಿಳಿಯಿತು: ಜೇಸನ್ ಎಂಬ ಹೆಸರಿನಲ್ಲಿ ಇದೇ ಕೆಲಸ ಎರಡೂ ಭಾಷೆಯಲ್ಲಿ ಸಿದ್ಧವಾಗಿದೆ, ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು ಬರೆದರೆ ಸಾಕು. ಸರ್‌ಗೆ ಇದು ಮೊದಲೇ ಗೊತ್ತಿತ್ತು.

"ಕೇಳಿದ್ರ ಹೇಳ್ತಿದ್ನಲ್ಲವಾ" ಎಂದರು.

ಮನೆಯಲ್ಲಿ ಓದಿದವರೇ ಇಲ್ಲದವರಿಗೆ ಏನು ಕೇಳಬೇಕೆಂಬುದೂ ಗೊತ್ತಿರುವುದಿಲ್ಲ.

ಪರೀಕ್ಷೆಗೆ ಹೊರಗಿನಿಂದ ಬಂದವರು 'ಕರಿ ಕಿವಿ' ಒತ್ತಿದರು. ಅದರ ಮರಿಗಳು, ಮರಿಗಳ ಮರಿಗಳು ತಮ್ಮ ತಮ್ಮ ತಾಯಿಯ ಕೆಳಗೆ ಸರಿಯಾಗಿ ಇಳಿದವು. "ಇಷ್ಟೇ ಏನು?" ಎಂದು ಆಕಳಿಸಿ, ಪಾಸು ಮಾಡಿದರು.

ಸರ್ಟಿಫಿಕೇಟ್ ಕೈಗೆ ಬಂದಾಗ ನಮ್ಮ ಹಿಂಡು ಮುದ್ದೇಬಿಹಾಳದ ಕಡೆ ಒಬ್ಬರ ಹೊಲದಲ್ಲಿ ಹಿಕ್ಕೆಯ ಗೊಬ್ಬರಕ್ಕೆಂದು ಬೀಡುಬಿಟ್ಟಿತ್ತು. ದೇವರ ಹಿಪ್ಪರಗಿ, ಬಾಗೇವಾಡಿ ದಾಟಿ ಬಸ್ಸಿನಲ್ಲಿ ಹೋಗಿ ದೊಡ್ಡಪ್ಪನ ಕೈಗೇ ಕೊಟ್ಟೆ. ಅವ್ವನಿಗೂ ಮೊದಲು ತೋರಿಸಿರಲಿಲ್ಲ. ದೊಡ್ಡಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಅದನ್ನು ಹಿಡಿದರು, ಬಹಳ ಹೊತ್ತು ನೋಡಿದರು. ಒಂದು ಒಳ್ಳೆಯ ಮಾತಿಗೆ ಕಾದು ನಿಂತೆ.

"ಮ್ಯಾಲ ಎಲ್ಲ್ಯಾರ ಇಡವಾ," ಎಂದು ತಿರುಗಿಸಿ ಕೊಟ್ಟರು. "ಕುರಿ ಬಾಯಿ ಹಾಕ್ಯಾವು."