ಉಪ್ಪು ಕಡಿಮೆಯಾದ ಖಂಡ

ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಚಹಾಕ್ಕೆ ಸಕ್ಕರೆ ಬಿಟ್ಟೆ, ಅನ್ನವನ್ನು ಒಂದು ಸೌಟಿಗೆ ಇಳಿಸಿದೆ, ಹೋಳಿಗೆ ಮಾಡಿದ ದಿನ ಅಡುಗೆಮನೆ ಕಡೆ ತಿರುಗಿಯೂ ನೋಡಲಿಲ್ಲ. ಒಣಖಂಡ ಮಾತ್ರ ಬಿಡುವುದಿಲ್ಲ ಎಂದು ಕೂಡ್ಲಿಗಿಯ ಡಾಕ್ಟರಿಗೆ ಮುಖದ ಮೇಲೇ ಹೇಳಿ ಬಂದಿದ್ದೆ. ನಿಮಗೆ ಬಿಪಿಯೂ ಇದೆ, ಖಂಡದಲ್ಲಿರುವ ಉಪ್ಪಿಗೇ ಹೆದರಬೇಕು ಎಂದರು ಅವರು. ತಿನ್ನಲೇಬೇಕೆಂದರೆ ಅಪರೂಪಕ್ಕೆ ಒಂದೆರಡು ತುಂಡು, ಅದೂ ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ ಎಂದು ಕೊನೆಗೆ ಸೋತರು.

ನಮ್ಮದು ಕುರಿ ಸಾಕುವ ಮನೆ. ದೇವರಿಗೆ ಕುರಿ ಕೊಯ್ದಾಗ ಉಳಿದ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ಹಚ್ಚಿ, ಹಗ್ಗಕ್ಕೆ ಹಾಕಿ ಬಿಸಿಲಲ್ಲಿ ಒಣಗಿಸುತ್ತೇವೆ. ಮೂವತ್ತು ವರ್ಷ ಉಪ್ಪು ಹಚ್ಚಿದ್ದು ನನ್ನ ಕೈ. ಹೋದ ವರ್ಷ ಒಮ್ಮೆ ಸೊಸೆ ನನ್ನನ್ನು ಕೂರಿಸಿ ಆ ಕೆಲಸ ತಾನೇ ಮಾಡಿದಳು. ನಾಲ್ಕನೇ ದಿನ ಅಂಗಳದಲ್ಲೆಲ್ಲ ನಾತ. ಹಗ್ಗದ ಮೇಲಿನ ಖಂಡಕ್ಕೆ ಹುಳ ಬಿದ್ದಿತ್ತು. ಅಷ್ಟೂ ತಿಪ್ಪೆಗೆ ಹೋಯಿತು.

ಉಪ್ಪು ಎಷ್ಟು ಹಾಕಿದ್ದೆ ಎಂದು ಕೇಳಿದೆ. ಸೊಸೆ ತಲೆ ತಗ್ಗಿಸಿದಳು.

"ನಿಮ್ಮ ಸಲುವಾಗಿ ಅರ್ಧಕ್ಕರ್ಧ ಕಡಿಮಿ ಹಾಕಿದ್ನ್ರಿ ಅತ್ತಿ."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ರೋಗಕ್ಕಾಗಿ ಮನೆಮಂದಿಯೆಲ್ಲ ಸಪ್ಪೆ ತಿನ್ನಬೇಕೇ? ಇವತ್ತು ಉಪ್ಪು, ನಾಳೆ ಖಾರ. ಆಮೇಲೆ ನನ್ನನ್ನು ಮೂಲೆಯಲ್ಲಿ ಕೂರಿಸಿ ಗಂಜಿ ಕುಡಿಸುವುದೊಂದು ಬಾಕಿ. ನಿನಗೇಕೆ ಈ ಉಸಾಬರಿ ಎಂದು ಕೂಗಾಡಿದೆ. ಇದೇ ಕಾಯಿಲೆಯಲ್ಲಿ ಕಾಲು ಕೊಳೆತು ತೀರಿಕೊಂಡ ಅವಳ ತಾಯಿಯನ್ನೂ ಮಾತಿಗೆ ಎಳೆದು ತಂದೆ. ನಾನು ನಿನ್ನ ಅವ್ವನ ಹಾಗೆ ಸಾಯುವವಳಲ್ಲ ಎಂದುಬಿಟ್ಟೆ. ಆ ಮಾತು ಆಡಬಾರದಿತ್ತು. ಅವಳು ಒಂದು ವಾರ ನನ್ನ ಮುಖ ನೋಡಲಿಲ್ಲ, ನನಗೂ ಊಟ ಸೇರಲಿಲ್ಲ.

ಹಟ ಮಾತ್ರ ಬಿಡಲಿಲ್ಲ. ಮುಂದಿನ ಕುರಿಗೆ ನಾನೇ ಉಪ್ಪು ಹಚ್ಚಿದೆ, ಮೊದಲಿನ ಹಾಗೆಯೇ ಮುಷ್ಟಿ ತುಂಬ. ಖಂಡ ಕಟ್ಟಿಗೆಯಂತೆ ಒಣಗಿತು. ನನ್ನ ಪಾಲಿನ ಎರಡು ತುಂಡನ್ನು ಬೇರೆ ತೆಗೆದು, ಮೂರು ಸಲ ನೀರು ಬದಲಿಸಿ ನೆನೆಸಿ, ಬೇಯಿಸಿದೆ. ಅರ್ಧ ರೊಟ್ಟಿಯ ಜೊತೆ ತಾಟಿಗೆ ಹಾಕಿಕೊಂಡು ಕೂತು, ಸೊಸೆಯನ್ನು ಕರೆದು ಎದುರಿಗೆ ಕೂರಿಸಿ ಎರಡೂ ಕಾಲು ಚಾಚಿದೆ.

"ಅಂಗಾಲು ನೋಡು. ಇವತ್ತಷ್ಟ ಅಲ್ಲ, ದಿನಾ ನೋಡು. ಗಾಯ ಕಂಡ್ರ ಹೇಳು, ಅವತ್ತ ದವಾಖಾನಿಗೆ ಬರ್ತೀನಿ. ಆದ್ರ ನನ್ನ ತಾಟಿಗೆ ಮಾತ್ರ ಕೈ ಹಚ್ಚಬ್ಯಾಡ."

ಅವಳು ಕಾಲನ್ನು ಬೆಳಕಿಗೆ ತಿರುಗಿಸಿ, ಒಂದು ಬೆರಳಿನ ಸಂದಿಯನ್ನೂ ಬಿಡದೆ ನೋಡಿದಳು. ಗಾಯವಿರಲಿಲ್ಲ. ಆದರೂ ಪಾದ ಕೆಳಗಿಡಲಿಲ್ಲ.

"ನಮ್ಮವ್ವ ಒಮ್ಮಿನೂ ತೋರಿಸ್ಲಿಲ್ರಿ," ಎಂದಳು.

ಕಾಲನ್ನು ಅವಳ ಮಡಿಲಲ್ಲೇ ಬಿಟ್ಟು, ನಾನು ಖಂಡ ಕಚ್ಚಿ ತಿಂದೆ.